ಮೇಸ್ತ್ರಿಯ ನಾಯಿ, ಅಣ್ಣನ ಕೋಳಿಗಳು

ಮಾರ್ಚ್ ಹನ್ನೊಂದನೆಯ ತಾರೀಕು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕ್ಲಚ್ಚು ಸತ್ತುಹೋಯಿತು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರಲು ಕಾರಣವಿದೆ. ಹಿತ್ತಿಲ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಣ್ಣನ ಕಣ್ಣೆದುರಿಗೇ ಅದು ನಡೆದಿತ್ತು. ನಾಯಿ ಬಂದು, ಕಚ್ಚಿ, ಕೊಡವಿ, ಅವನ ಕೂಗಿಗೆ ಬೆದರಿ, ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆ ಹಾರಿ ಹೋದ ಮೇಲೆ ಅವನಿಂದ ಆಗುವ ಕೆಲಸ ಒಂದೇ ಉಳಿದಿತ್ತು: ಎಡಗೈಯ ಗಡಿಯಾರ ನೋಡುವುದು.

ಕ್ಲಚ್ಚು ಎಂದರೆ ಕೋಳಿ. ಅಣ್ಣ ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತ ಮೇಲೆ ತಂಗಿಯ ಮನೆಗೆ ಬಂದಿದ್ದ. ತಂಗಿ ಐದು ಹೇಂಟೆ ತಂದಾಗ, ಒಂದು ವಾರ ಅವುಗಳ ನಡೆನುಡಿ ನೋಡಿ, ತೊದಲು ನಾಲಿಗೆಯಲ್ಲೇ ನಾಮಕರಣ ಮಾಡಿದ್ದ: ಕ್ಲಚ್ಚು, ಬ್ರೇಕು, ಗೇರು, ಹಾರನ್ನು, ಸ್ಟೆಪ್ನಿ. ಹಾರನ್ನು ಒಂದು ಮೊಟ್ಟೆ ಇಟ್ಟರೆ ಬೀದಿಗೆಲ್ಲ ಡಂಗುರ ಸಾರುತ್ತಿತ್ತು. ಸ್ಟೆಪ್ನಿ ಯಾವಾಗಲೂ ಎಲ್ಲರ ಹಿಂದೆ, ಬೇಕಾದಾಗ ಕರೆಯಿರಿ ಎಂಬಂತೆ.

ತಂಗಿ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಅಳೆಯದೆ ಯಾವುದನ್ನೂ ನಂಬುವ ಪೈಕಿಯವಳಲ್ಲ. ಕೋಳಿ ತಂದದ್ದು ಮೊಟ್ಟೆಗೆ ಎಂದು ಎಲ್ಲರಿಗೂ ಹೇಳಿದ್ದಳು. ನಿಜವಾಗಿ ತಂದದ್ದು ಅಣ್ಣನ ಬಲಗೈಗೆ. ವ್ಯಾಯಾಮ ಹೇಳಿಕೊಡಲು ಬಂದವರು ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಅಣ್ಣ ಅದನ್ನು ಎಡಗೈಯಿಂದ ಬೇಲಿಯಾಚೆ ಎಸೆದಿದ್ದ. "ಹದಿನಾರು ಟನ್ ತಿರುಗಿಸಿದ ಕೈಗೆ ಚೆಂಡು ಕೊಡ್ತಾರಲ್ಲೇ, ನಾಳೆ ಗಿಲಕಿ ಕೊಡ್ತಾರೆ ನೋಡು." ಆದರೆ ಹಸಿದ ಐದು ಕೋಳಿಗಳು ಕಾಲು ಸುತ್ತಿಕೊಂಡು ಮುಖ ನೋಡುವಾಗ ಯಾರು ಸುಮ್ಮನಿರುತ್ತಾರೆ? ತಂಗಿ ನುಚ್ಚಿನ ಡಬ್ಬಿಯನ್ನು ಬೇಕೆಂದೇ ಬಲಗಡೆ ಇಟ್ಟಳು. ಮೊದಲ ದಿನ ಅವನ ಬಲಮುಷ್ಟಿಗೆ ಸಿಕ್ಕ ನುಚ್ಚನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಒಂಬತ್ತು ಗ್ರಾಂ. ಎಂಟು ತಿಂಗಳ ಮೇಲೆ, ಮಾರ್ಚ್ ಹತ್ತರಂದು, ಮೂವತ್ತೊಂದು ಗ್ರಾಂ. ಅವಳು ಈ ತೂಕಗಳನ್ನೆಲ್ಲ ಬರೆದಿಡುತ್ತಿದ್ದ ಪುಸ್ತಕ ನೋಡಿ ಡಾಕ್ಟರು ನಕ್ಕಿದ್ದರು. "ಹಿಡಿಯೋದು ಬರ್ತಾ ಇದೆ. ಬಿಡೋದು ಇನ್ನೂ ಕಷ್ಟ. ಮುಚ್ಚಿದ ಬೆರಳು ತೆರೆಯೋದು ಕೊನೆಗೆ ಬರೋದು. ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಗಳಿಸಿದ್ದೂ ಹೋಗುತ್ತೆ."

ಕ್ಲಚ್ಚು ಸತ್ತ ದಿನದಿಂದ ಅಣ್ಣ ನಿಲ್ಲಿಸಿಬಿಟ್ಟ.

"ಹೊರಗೆ ಬಾ ಅಣ್ಣಾ. ಇನ್ನೂ ನಾಲ್ಕಿವೆ."

"ಇದಾವೆ. ನಾನು ಯಾಕೆ ಬೇಕು? ಅದು ಒದ್ದಾಡ್ತಾ ಇತ್ತು, ನಾನು ಸಿನಿಮಾ ನೋಡೋ ಹಾಗೆ ಕೂತು ನೋಡಿದೆ ಕಣೇ. ಡಬ್ಬಿ ಎಸೆದೆ, ಅದೂ ನನ್ನ ಕಾಲ ಮೇಲೇ ಬಿತ್ತು." ಹೀಗೆಂದವನು ಗೋಡೆಯ ಕಡೆ ತಿರುಗಿ ಮಲಗಿದ.

ನಾಯಿ ಯಾರದೆಂದು ಹುಡುಕಬೇಕಾಗಿರಲಿಲ್ಲ. ಪಕ್ಕದ ಮನೆಯ ಮೋಟಾರ್ ಮೇಸ್ತ್ರಿಯದು. ಮೈಯೆಲ್ಲ ಕಂದು, ಎಡಗಣ್ಣಿನ ಸುತ್ತ ಮಾತ್ರ ಅಚ್ಚುಕಟ್ಟಾದ ಬಿಳಿ ಬಳೆ. ಹಾಗಾಗಿ ಹೆಸರು ವಾಷರ್. ಮೇಸ್ತ್ರಿ ಅದನ್ನು ಹಗಲು ಕಟ್ಟಿಹಾಕುತ್ತಿರಲಿಲ್ಲ. ಒಂಟಿ ಮನುಷ್ಯ, ಅರವತ್ತು ದಾಟಿದವರು, ಮನೆಯ ಹಿಂದಿನ ಶೆಡ್ಡಿನಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಕೂತಿರುತ್ತಿದ್ದರು. ಮೋಟಾರಿನ ಸದ್ದು ಕೇಳಿಯೇ ಯಾವ ಭಾಗ ಹೋಗಿದೆ ಎಂದು ಹೇಳುವವರೆಂದು ಅವರಿಗೆ ದೊಡ್ಡ ಹೆಸರು.

ಅಂದು ಸಂಜೆಯೇ ತಂಗಿ ಗೋಡೆಯ ಬಳಿ ನಿಂತು, ಮಾತನ್ನು ಮನಸ್ಸಿನಲ್ಲಿ ಎರಡು ಸಲ ಓದಿಕೊಂಡು, ಆಡಿದಳು. "ಮೇಸ್ತ್ರಿಗಳೇ, ನಿಮ್ಮ ನಾಯಿ ನಮ್ಮ ಕೋಳೀನ ಕೊಂದುಹಾಕಿದೆ. ದಯವಿಟ್ಟು ಕಟ್ಟಿಹಾಕಿ."

ಅವರು ಅರೆತಿರುಗಿ ನೋಡಿ ಮುಗುಳ್ನಕ್ಕರು. "ಆಗ್ಲಿ ತಾಯಿ, ಆಗ್ಲಿ. ನಾಳೆ ನೋಡೋಣ."

ಮಾರನೆಯ ದಿನ ವಾಷರ್ ಎಂದಿನಂತೆ ಓಡಾಡಿಕೊಂಡಿತ್ತು. ತಂಗಿ ಮತ್ತೆ ಹೇಳಿದಳು. ಮತ್ತೆ ಅದೇ ನಗು, ಅದೇ "ಆಗ್ಲಿ ತಾಯಿ". ಅವಳ ಮೈ ಉರಿದುಹೋಯಿತು. ಮುಖಕ್ಕೆ ಬಾಗಿಲು ಹಾಕಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ನಗರಸಭೆಗೆ ಫೋನ್ ಮಾಡಿದಳು. ಆ ಕಡೆಯ ಗುಮಾಸ್ತ ಆಕಳಿಸುತ್ತ ಕೇಳಿದ, "ಫೋಟೋ ಇದೆಯಾ?"

"ಕೋಳಿದಾ?"

"ನಾಯಿದು ಮೇಡಂ. ಕೋಳಿ ಫೋಟೋ ಇಟ್ಕೊಂಡು ನಾವೇನು ಮಾಡೋಣ, ಹಾರ ಹಾಕೋಣ್ವಾ? ನಾಯಿ ನಿಮ್ಮ ಕಾಂಪೌಂಡ್ ಒಳಗೆ ನುಗ್ತಾ ಇರೋ ಹಾಗೆ ಬರಬೇಕು. ಗಾಡಿ ಇಪ್ಪತ್ನಾಲ್ಕನೇ ತಾರೀಕು ಸೋಮವಾರ ನಿಮ್ಮ ಕಡೆ ಬರುತ್ತೆ. ಫೋಟೋ ಇದ್ರೆ ಎತ್ಕೊಂಡು ಹೋಗ್ತೀವಿ. ಇಲ್ದಿದ್ರೆ ಓನರ್ ಬಂದು ಗಲಾಟೆ ಮಾಡ್ತಾರೆ."

"ಎತ್ಕೊಂಡು ಹೋದ್ಮೇಲೆ?"

"ಅದು ನಮ್ಮ ಸೆಕ್ಷನ್ ಅಲ್ಲ ಮೇಡಂ," ಎಂದು ಅವನು ಇಟ್ಟುಬಿಟ್ಟ. ತಂಗಿ ಆ ಮಾತನ್ನು ಮುಂದೆ ಯೋಚಿಸಲು ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಅಣ್ಣನ ಬಲಗೈ ಹೊದಿಕೆಯ ಮೇಲೆ ಮುದುಡಿಕೊಂಡು ಬಿದ್ದಿತ್ತು. ಅಷ್ಟನ್ನು ನೋಡಿದರೆ ಸಾಕಾಗುತ್ತಿತ್ತು.

ಭಾನುವಾರ ಅವಳು ಎರಡು ಮನೆಯ ನಡುವಿನ ಗೋಡೆಯ ಉದ್ದಕ್ಕೂ ಎರಡೂವರೆ ಅಡಿ ಎತ್ತರದ ತಂತಿ ಬಲೆ ಹಾಕಿಸಿದಳು. ಗೋಡೆ ನಾಲ್ಕೂವರೆ ಅಡಿ, ಒಟ್ಟು ಏಳು. ಯಾವ ನಾಯಿಯೂ ಇಷ್ಟು ಹಾರುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಬಲೆಯ ಇನ್ನೊಂದು ತುದಿ ಹಿಡಿಯಲು ಮೇಸ್ತ್ರಿ ತಾವಾಗಿಯೇ ಏಣಿ ತಂದರು. ಮೊಳೆ ಹೊಡೆದು ಇಳಿದು, ಕೈ ಒರೆಸಿಕೊಂಡು, "ಒಳ್ಳೆ ಕೆಲಸ ತಾಯಿ. ಬೆಕ್ಕಿನ ಕಾಟ ತಪ್ಪುತ್ತೆ," ಎಂದರು. ತಂಗಿಗೆ ಇದು ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಗಾಡಿ ಬರುವ ಸೋಮವಾರದ ಬಗ್ಗೆ ಇದ್ದ ಒಂದಿಷ್ಟು ಅಳುಕೂ ಆ ಗಳಿಗೆಯಲ್ಲಿ ಹೋಯಿತು.

ಉಳಿದದ್ದು ಫೋಟೋ. ಇಪ್ಪತ್ತೆರಡು, ಶನಿವಾರ, ಅವಳಿಗೆ ರಜೆ. ವಾರದಿಂದ ಗೂಡಿನಲ್ಲೇ ಇದ್ದ ನಾಲ್ಕು ಕೋಳಿಗಳನ್ನು ಎರಡೂವರೆಗೆ ಹಿತ್ತಿಲಿಗೆ ಬಿಟ್ಟಳು. ಅವನ್ನು ನೋಡಿ ನಾಯಿ ಗೋಡೆಗೆ ಹಾರುತ್ತದೆ, ಮುಂಗಾಲು ಬಲೆಗೆ ಸಿಕ್ಕ ಹೊತ್ತಿಗೆ ತಾನು ಕ್ಲಿಕ್ಕಿಸಬೇಕು, ಇದು ಉಪಾಯ. ಕೋಳಿಗಳನ್ನು ಎರೆಯಾಗಿ ಇಟ್ಟಿದ್ದೇನೆಂಬುದು ಮನಸ್ಸಿಗೆ ಚುಚ್ಚದೆ ಇರಲಿಲ್ಲ. ಬಚ್ಚಲುಮನೆಯ ಕಿಟಕಿಯ ಹಿಂದೆ ಮೊಬೈಲು ಹಿಡಿದು ನಿಂತಳು. ಅಲ್ಲಿಂದ ಇಡೀ ಹಿತ್ತಿಲು ಕಾಣುತ್ತಿತ್ತು. ಜಗಲಿಯಿಂದ ಕಾಣದ ಬಾವಿಕಟ್ಟೆಯ ಮೂಲೆಯೂ.

ಎರಡೂ ಮನೆಗೆ ಬಾವಿ ಒಂದೇ, ಮೋಟಾರು ಒಂದೇ. ಬಾವಿ ಇವರ ಹಿತ್ತಿಲಲ್ಲಿ. ಆದ್ದರಿಂದ ಗೋಡೆಯ ತುದಿಯಲ್ಲಿ ಒಂದು ಸಣ್ಣ ಕಬ್ಬಿಣದ ಗೇಟು. ದಿನಾ ಮೂರಕ್ಕೆ ಮೇಸ್ತ್ರಿ ಆ ಗೇಟಿನಿಂದ ಬಂದು, ಮೋಟಾರು ಹಾಕಿ, ಐದು ನಿಮಿಷ ನಿಂತು ನೋಡಿ, ಹೋಗುತ್ತಿದ್ದರು. ಹತ್ತು ವರ್ಷದ ವಾಡಿಕೆ. ಸೂರ್ಯ ಹುಟ್ಟುವುದನ್ನು ಹೇಗೆ ಯಾರೂ ಗಮನಿಸುವುದಿಲ್ಲವೋ ಹಾಗೆ ಇದನ್ನೂ ಯಾರೂ ಗಮನಿಸುತ್ತಿರಲಿಲ್ಲ.

ಇಂದು ತಂಗಿ ಗಮನಿಸಿದಳು, ಬೇರೆ ಕೆಲಸವಿರಲಿಲ್ಲವಾದ್ದರಿಂದ. ಮೋಟಾರು ಶುರುವಾಯಿತು. ಕೀರಲು ದನಿಯಲ್ಲಿ ಅರಚುತ್ತಿತ್ತು. ಒಳಗಿಂದ ಅಣ್ಣ ಗೊಣಗಿದ್ದು ಕೇಳಿಸಿತು: "ಆ ಬೇರಿಂಗು ಹದಿನೈದು ದಿನದಿಂದ ಅಳ್ತಾ ಇದೆ. ಪುಣ್ಯಾತ್ಮ ಸಮಾಧಾನ ಮಾಡ್ತಾನೇ ಇಲ್ಲ." ಮೇಸ್ತ್ರಿ ಮೊದಲೆಲ್ಲ ಮೋಟಾರಿನ ಕಡೆ ತಲೆ ವಾಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದುದು ಅವಳಿಗೆ ನೆನಪಿತ್ತು. ಈಗ ಹಾಗೆ ನಿಲ್ಲಲಿಲ್ಲ. ಬಗ್ಗಿ, ಅಂಗೈಯನ್ನು ಮೋಟಾರಿನ ಮೈಮೇಲೆ ಚಪ್ಪಟೆಯಾಗಿ ಇಟ್ಟು, ಜ್ವರ ನೋಡುವವರ ಹಾಗೆ ನಿಂತರು. ಆಮೇಲೆ ಗೇಟು ದಾಟಿ, ಹಿಂದೆ ತಿರುಗದೆ, ಕೈಯಿಂದ ಅದನ್ನು ಎಳೆದುಕೊಂಡು ಹೋದರು.

ಗೇಟಿನ ಚಿಲಕ ತಾನೇ ಬೀಳುವಂಥದು. ಬಿದ್ದರೆ ಟಕ್ ಎನ್ನುತ್ತದೆ. ಟಕ್ ಎನ್ನಲಿಲ್ಲ. ಚಿಲಕದ ನಾಲಿಗೆ ಕೊಂಡಿಯ ಅಂಚಿನ ಮೇಲೆ ಕೂತೇ ಇತ್ತು.

ಅವಳು ಮೊಬೈಲು ಇಳಿಸಿದಳು. ಹನ್ನೊಂದನೇ ತಾರೀಕು ಅಣ್ಣ ಕಂಡದ್ದು ನಾಯಿ ಗೋಡೆ ಹಾರಿ ಹೊರಗೆ ಹೋದದ್ದನ್ನು. ಒಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೋದ ದಾರಿಯೇ ಬಂದ ದಾರಿ ಎಂದು ಪುಸ್ತಕದಲ್ಲಿ ಬರೆದುಕೊಂಡವಳು ತಾನೇ. ಪ್ರಯೋಗಾಲಯದಲ್ಲಿ ಕೈಕೆಳಗಿನವರು ಯಾರಾದರೂ ಹೀಗೆ ಬರೆದಿದ್ದರೆ ಕಾಗದ ಹರಿದು ಕೈಗೆ ಕೊಡುತ್ತಿದ್ದಳು.

ಅಷ್ಟರಲ್ಲೇ ಗೇಟಿನ ಸಂದಿಯಲ್ಲಿ ಒಂದು ಮೂತಿ ಕಂಡಿತು. ಮೂತಿ ತಳ್ಳಿತು, ಗೇಟು ತೆರೆಯಿತು, ವಾಷರ್ ಒಳಗೆ ಬಂತು. ಅದರ ಬೆನ್ನ ಹಿಂದೆ ಗೇಟಿನ ಸ್ಪ್ರಿಂಗು ರಭಸವಾಗಿ ಎಳೆದುಕೊಂಡಿತು, ಮತ್ತು ಈ ಸಲ ಚಿಲಕ ಟಕ್ಕೆಂದು ಬಿತ್ತು.

ಮುಂದಿನ ಅರ್ಧ ನಿಮಿಷದಲ್ಲಿ ಹಿತ್ತಿಲು ತಲೆಕೆಳಗಾಯಿತು. ಹಾರನ್ನು ಹೆಸರು ಉಳಿಸಿಕೊಂಡಿತು. ಬ್ರೇಕಿನ ಬಾಲದ ನಾಲ್ಕು ಗರಿ ನಾಯಿಯ ಬಾಯಲ್ಲಿ ಉಳಿದವು. ತಂಗಿ ಪೊರಕೆ ಹಿಡಿದು ಹೊರಗೆ ಓಡಿ ಬಂದಳು. ವಾಷರ್ ಹೆದರಿ ಒಗೆಯುವ ಕಲ್ಲಿಗೆ ಹತ್ತಿ ಹಾರಿತು. ಹೊಸ ಬಲೆಗೆ ಬಡಿದು ಕೆಳಗೆ ಬಿತ್ತು. ಮತ್ತೆ ಹಾರಿತು, ಮತ್ತೆ ಬಿತ್ತು. ಹೊರಗೆ ಹೋಗುವ ಒಂದೇ ದಾರಿಯನ್ನು ತಾನೇ ಅಳತೆ ಮಾಡಿ ಮುಚ್ಚಿಸಿದ್ದಳು. ನಾಯಿ, ಕೋಳಿ, ಪೊರಕೆ ಎಲ್ಲ ಒಂದೇ ಬೋನಿನಲ್ಲಿ.

"ಹೊಡೀಬೇಡ ಕಣೇ! ಅದಕ್ಕೆ ದಾರಿ ಇಲ್ಲ!"

ಜಗಲಿಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೋಲಿಲ್ಲ, ಚಪ್ಪಲಿಯಿಲ್ಲ. ಎಡಗೈ ಗೋಡೆಗೆ ಊರಿಕೊಂಡು ಮೆಟ್ಟಿಲು ಇಳಿದ. ಬಲಗಾಲನ್ನು ಎಳೆದು, ನಿಲ್ಲಿಸಿ, ಎಳೆದು, ಮನೆಯ ಗೋಡೆ ಹಿಡಿದು, ಬಚ್ಚಲಿನ ಗೋಡೆ ಹಿಡಿದು, ಗೋಡೆ ಮುಗಿದಲ್ಲಿ ಏನೂ ಹಿಡಿಯದೆ, ಬಾವಿಕಟ್ಟೆಯವರೆಗೆ ಬಂದುಬಿಟ್ಟ. ನಾಯಿ ಗೇಟಿನ ಮೂಲೆಯಲ್ಲಿ ಬಾಲ ಮುದುಡಿ ಕೂತಿತ್ತು. ಅಣ್ಣ ಎಡಗೈಯಿಂದ ಗೇಟಿನ ಪಕ್ಕದ ಗೋಡೆ ಹಿಡಿದುಕೊಂಡ. ನಾಯಿಗೆ ಉಳಿದದ್ದು ಬಲಗೈ. ಆ ಕೈ ನಿಧಾನವಾಗಿ ಇಳಿದು ಕೊರಳಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಹಿಡ್ದೆ," ಎಂದ ಅಣ್ಣ. ಅವನ ಗಲ್ಲದ ಮೇಲೆ ಬೆವರು ಇಳಿಯುತ್ತಿತ್ತು. "ಕೋಳಿ ಒಳಗೆ ಹಾಕು."

ಅವಳು ನಾಲ್ಕನ್ನೂ ಗೂಡಿಗೆ ಅಟ್ಟಿ, ಎಣಿಸಿ, ಬಾಗಿಲು ಹಾಕಿ ಬಂದಳು. "ಇನ್ನು ಬಿಡು ಅಣ್ಣಾ, ನಾನು ಹಿಡ್ಕೋತೀನಿ."

"ಬಿಡಬೇಕು ಅಂತಾನೇ ನೋಡ್ತಾ ಇದೀನಿ. ಬಿಡ್ತಾ ಇಲ್ಲ." ಅಣ್ಣ ತನ್ನ ಕೈಯನ್ನೇ ನೋಡಿದ. "ಹ್ಯಾಂಡ್‌ಬ್ರೇಕ್ ಜಾಮ್ ಆಗಿದೆ."

ನಾಯಿ ಮಿಸುಕಾಡಲಿಲ್ಲ. ಅಣ್ಣನ ಸೋತ ಕಾಲಿಗೆ ಮೈ ಆನಿಸಿ ಕೂತುಬಿಟ್ಟಿತು, ಇನ್ನೇನು ಮಾಡುವುದು ಎಂಬಂತೆ.

"ಮೇಸ್ತ್ರಿಗಳೇ!" ತಂಗಿ ಗೇಟಿನ ಸರಳಿನ ನಡುವೆ ಕೂಗಿದಳು. ಶೆಡ್ಡಿನಲ್ಲಿ ಅವರು ಇತ್ತ ಬೆನ್ನು ಹಾಕಿ ಕೂತಿದ್ದರು, ನಾಲ್ಕು ಹೆಜ್ಜೆ ದೂರದಲ್ಲಿ. ತಂತಿ ಸುತ್ತುವ ಕೈ ನಿಲ್ಲಲಿಲ್ಲ. "ಮೇಸ್ತ್ರಿಗಳೇ! ಸ್ವಲ್ಪ ಬನ್ನಿ!" ಅವಳು ಬಕೆಟ್ಟನ್ನು ಎತ್ತಿ ಗೇಟಿಗೆ ಬಡಿದಳು. ಗೂಡಿನೊಳಗಿನ ಕೋಳಿಗಳು ಬೆಚ್ಚಿ ಕೂಗಿದವು. ಹಿಂದಿನ ಮನೆಯ ಕಿಟಕಿ ತೆರೆಯಿತು. ಮೇಸ್ತ್ರಿ ತಂತಿ ಸುತ್ತುತ್ತಲೇ ಇದ್ದರು.

ಬಕೆಟ್ಟು ಅವಳ ಕೈಯಲ್ಲೇ ಉಳಿಯಿತು. ಹನ್ನೊಂದನೇ ತಾರೀಕಿನ ನಗು, "ಆಗ್ಲಿ ತಾಯಿ", ಬೆಕ್ಕಿನ ಕಾಟ, ಮೋಟಾರಿನ ಮೇಲಿಟ್ಟ ಅಂಗೈ. ಅವಳಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು.

ಗೇಟು ದಾಟಿ ಹೋಗಿ ಅವರ ಎದುರಿಗೆ, ಬೆಳಕಿನಲ್ಲಿ ನಿಂತಳು. ಅವರು ಗಾಬರಿಯಾಗಿ ಎದ್ದರು. ಅವಳು ನಿಧಾನವಾಗಿ, ಒಂದೊಂದೇ ಪದವಾಗಿ ಹೇಳಿದಳು. "ವಾಷರ್ ನಮ್ಮ ಹಿತ್ತಿಲಲ್ಲಿದೆ. ಹೋದ ವಾರ ಒಂದು ಕೋಳಿ ಕೊಂದಿತ್ತು."

ಅವರ ಕಣ್ಣು ಅವಳ ತುಟಿಯ ಮೇಲಿತ್ತು. "ಕೊಂದಿತ್ತಾ? ನನಗೆ ಹೇಳಲೇ ಇಲ್ವಲ್ಲ ತಾಯಿ ನೀವು."

"ಹೇಳಿದ್ದೆ. ಎರಡು ಸಲ."

ಮೇಸ್ತ್ರಿ ತಂತಿಯ ಉಂಡೆಯನ್ನು ಮೇಜಿನ ಮೇಲಿಟ್ಟರು. ತುಂಬ ಹೊತ್ತು ಅದನ್ನೇ ಸರಿಮಾಡುತ್ತಿದ್ದರು. "ಮಳೆಗಾಲ ಮುಗಿದಾಗಿನಿಂದ ಹೀಗೆ. ಎಡಗಿವಿ ಪೂರ್ತಿ ಹೋಯ್ತು. ಬಲಗಡೆ ಏನೋ ಸ್ವಲ್ಪ. ಯಾರಿಗೂ ಹೇಳಿಲ್ಲ. ಕಿವುಡ ಮೇಸ್ತ್ರಿಗೆ ಯಾರು ಮೋಟಾರು ಕೊಡ್ತಾರೆ ಹೇಳಿ. ಏನು ಹೇಳಿದ್ರೂ 'ಆಗ್ಲಿ' ಅಂದ್ಬಿಟ್ರೆ ಹೆಚ್ಚು ಕಡಿಮೆ ನಡೆದುಹೋಗುತ್ತೆ."

"ನಾಯೀನ ಕಟ್ಟಲ್ವಲ್ಲ ನೀವು, ಅದು ಯಾಕೆ?"

"ಅದೇ ನನ್ನ ಕಾಲಿಂಗ್ ಬೆಲ್ಲು. ಗಿರಾಕಿ ಬಂದ್ರೆ ಓಡಿಬಂದು ಪ್ಯಾಂಟು ಎಳೆಯುತ್ತೆ. ಕಟ್ಟಿದ್ರೆ ಗಿರಾಕಿ ಕೂಗಿ ಕೂಗಿ ವಾಪಸು ಹೋಗ್ತಾರೆ." ಅವರು ಮುಖ ಒರೆಸಿಕೊಂಡರು. "ಆದ್ರೆ ಆ ಗೇಟು ನಾನು ದಿನಾ ಹಾಕ್ತೀನಿ ತಾಯಿ. ಆಣೆ ಮಾಡಿ ಹೇಳ್ತೀನಿ."

"ಹಾಕ್ತೀರಿ. ಚಿಲಕ ಬೀಳಲ್ಲ. ಟಕ್ ಅನ್ನಲ್ಲ."

ಅವರಿಗೆ ಅರ್ಥವಾಯಿತು. ನಲವತ್ತು ವರ್ಷ ಎಲ್ಲವನ್ನೂ ಕಿವಿಯಿಂದಲೇ ನೋಡಿದ ಮನುಷ್ಯ. ಗೇಟನ್ನು ಕಣ್ಣಿಂದ ನೋಡಬೇಕೆಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ. ಇಲ್ಲದ ಸದ್ದನ್ನು ಮನಸ್ಸೇ ತುಂಬಿಕೊಡುತ್ತಿತ್ತೋ ಏನೋ.

ಹಿತ್ತಿಲಿಗೆ ಬಂದಾಗ ಅಣ್ಣ ಹಾಗೆಯೇ ನಿಂತಿದ್ದ, ಬೆರಳು ಹಾಗೆಯೇ ಮುಚ್ಚಿತ್ತು. ಮೇಸ್ತ್ರಿ ಮಂಡಿಯೂರಿ ಕೂತು, ಕೂದಲೆಳೆಯಂಥ ತಂತಿಯ ಗಂಟು ಬಿಡಿಸುವ ಕೈಯಿಂದ, ಮೊದಲು ಕಿರುಬೆರಳು, ಆಮೇಲೆ ಉಂಗುರಬೆರಳು, ಹೀಗೆ ಒಂದೊಂದಾಗಿ ಬಿಡಿಸತೊಡಗಿದರು. ಮೂರನೆಯದಕ್ಕೆ ಬಂದಾಗ ಅಣ್ಣ, "ತಡೀರಿ," ಎಂದು ಅವರ ಭುಜಕ್ಕೆ ಮೊಣಕೈ ತಾಗಿಸಿದ. ಹಲ್ಲು ಕಚ್ಚಿ ನೋಡುತ್ತ ನಿಂತ. ತೋರುಬೆರಳು ನಡುಗಿತು, ಒಂದು ಕೂದಲಿನಷ್ಟು ಎದ್ದಿತು, ಬಿಟ್ಟಿತು. ನಡುಬೆರಳು ಹಿಂದೆಯೇ ಬಂತು.

"ಡ್ರೈವರ್ ಸಾಹೇಬ್ರೇ," ಎಂದರು ಮೇಸ್ತ್ರಿ, "ನಿಮ್ಮ ಕೋಳಿ ಹೋಯ್ತು. ಇದನ್ನ ಹಳ್ಳಿಯಲ್ಲಿರೋ ಭಾವಮೈದನ ಹತ್ರ ಬಿಟ್ಟು ಬರ್ತೀನಿ ನಾಳೆ."

ಗೇಟಿನಾಚೆಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಅಣ್ಣ ಅವರ ಮುಖಕ್ಕೆ ಮುಖ ಕೊಟ್ಟು, ಲಾರಿಯ ಎಂಜಿನ್ನಿನ ಸದ್ದನ್ನು ಮೀರಿ ಮಾತಾಡುವ ದನಿಯಲ್ಲಿ ಹೇಳಿದ. "ಬೆಲ್ಲು ಬಿಟ್ಟು ಬಂದು ಅಂಗಡಿ ಹೇಗೆ ನಡೆಸ್ತೀರಿ? ಮೊದಲು ಮೋಟಾರು ಬಿಚ್ಚಿ. ಬೇರಿಂಗು ಹೋಗಿ ಹದಿನೈದು ದಿನ ಆಯ್ತು. ಬೀದಿಯೋರೆಲ್ಲ ಕಿವಿಗೆ ಹತ್ತಿ ಇಟ್ಕೊಂಡಿದಾರೆ, ನೀವೊಬ್ರೇ ಆರಾಮಾಗಿರೋದು."

ಮೇಸ್ತ್ರಿ ಅಣ್ಣನ ತುಟಿಯನ್ನೇ ನೋಡಿದರು. ಆಮೇಲೆ ಹೊಟ್ಟೆಯಿಂದ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಯಾವುದು ಮೊದಲೋ ಅವರಿಗೇ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ತಂಗಿ ನಗರಸಭೆಗೆ ಫೋನ್ ಮಾಡಿ ದೂರು ವಾಪಸು ತೆಗೆದುಕೊಂಡಳು.

"ಯಾಕೆ ಮೇಡಂ, ನಾಯಿ ಒಳ್ಳೇದಾಯ್ತಾ?"

"ನಾಯಿ ಹಾಗೇ ಇದೆ. ಚಿಲಕ ಬದಲಾಯಿಸಿದ್ವಿ."

ಭಾನುವಾರವೇ ಮೇಸ್ತ್ರಿ ಹಳೆಯ ಚಿಲಕ ಕಿತ್ತು, ಕೈಯಿಂದ ಸರಿಸುವ ದಪ್ಪ ಅಗುಳಿ ಹಾಕಿದ್ದರು. ಅಗುಳಿ ಪೂರ್ತಿ ಸರಿಯದಿದ್ದರೆ ಕಾಣಲೆಂದು ಅದರ ಹಿಂಬದಿಗೆ ಕೆಂಪು ಬಣ್ಣ ಬಳಿಯುವ ಯೋಚನೆ ತಂಗಿಯದು. ಗುರುವಾರ ಮೇಸ್ತ್ರಿ ಕಿವಿ ಪರೀಕ್ಷೆಗೆ ಹೋಗುವುದೆಂದೂ ನಿಶ್ಚಯವಾಯಿತು. ಮೊದಲು ಅವರು ಒಪ್ಪಿರಲಿಲ್ಲ. "ಎಷ್ಟು ಹೋಗಿದೆ ಅಂತ ನೀವು ಹೇಳ್ತಾ ಇದೀರಿ. ಎಷ್ಟು ಉಳಿದಿದೆ ಅಂತ ಅಳೆದಿದೀರಾ?" ಎಂದು ಅವಳು ಕೇಳಿದ ಮೇಲೆ "ಆಗ್ಲಿ ತಾಯಿ" ಎಂದಿದ್ದರು, ಈ ಸಲ ಕೇಳಿಸಿಕೊಂಡೇ.

ಆದರೆ ಅಣ್ಣನಿಗೆ ಕೆಂಪು ಬಣ್ಣದ ಮೇಲೆ ನಂಬಿಕೆಯಿಲ್ಲ. ಸೋಮವಾರ ಮೂರು ಗಂಟೆಗೆ ಮೇಸ್ತ್ರಿ ಬಂದು ಹೋದದ್ದೇ ಅವನು ಜಗಲಿಯ ಕುರ್ಚಿಯಿಂದ ಎದ್ದ.

"ಎಲ್ಲಿಗೆ?"

"ಗೇಟು ನೋಡಿ ಬರ್ತೀನಿ. ಬಂದು ನುಚ್ಚು ಹಾಕ್ತೀನಿ, ಡಬ್ಬಿ ತೆಗೆದಿಡು."

"ನಾನು ನೋಡ್ತೀನಿ ಬಿಡು."

"ನೀನು ಅಳೆಯೋಳು. ನೋಡೋದು ನನಗೆ ಬಿಡು."

ಅವನು ಹೋದ. ತಂಗಿ ಹಿಂದೆ ಹೋಗಲಿಲ್ಲ, ಕೈ ಕೊಡಲಿಲ್ಲ. ಡಬ್ಬಿಯನ್ನು ಬಲಗಡೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಗುಳಿ ಅಲುಗಾಡಿಸಿದ ಸದ್ದು ಬಂತು. ಗೋಡೆಯಾಚೆಯಿಂದ ವಾಷರ್ ಒಮ್ಮೆ ಬೊಗಳಿತು. ಅಣ್ಣ ಅದಕ್ಕೆ ಏನೋ ಬೈದ. ತಿರುಗಿ ಬಂದು ಕೂತು, ಏದುಸಿರು ಬಿಡುತ್ತ, ಬಲಗೈಯನ್ನು ಡಬ್ಬಿಯೊಳಗೆ ಇಳಿಬಿಟ್ಟ. ನಾಲ್ಕು ಕೋಳಿಗಳು ಓಡಿ ಬಂದವು.

ಅವನು ನುಚ್ಚು ಹಾಕಿ ಮುಗಿಸಿ ಒಳಗೆ ಹೋಗಿ ಮಲಗಿದ ಮೇಲೆ ತಂಗಿ ಟೇಪು ತೆಗೆದುಕೊಂಡು ಬಂದು, ಬಗ್ಗಿ, ಅವನು ನಡೆದ ದಾರಿಯನ್ನೇ ಹಿಡಿದು ಎರಡು ಸಲ ಅಳೆದು, ನುಚ್ಚಿನ ತೂಕದ ಪುಸ್ತಕದಲ್ಲಿ ಬರೆದಳು. ಕುರ್ಚಿಯ ಮುಂಗಾಲಿನಿಂದ ಗೇಟಿನ ಅಗುಳಿಯವರೆಗೆ, ಹೋಗುವ ದಾರಿಯೊಂದೇ, ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರ್.